ಮೊದಲ ಜಾಝ್ ಆಲ್ಬಂ ಯಾವುದಾಗಲಿ? ಏಳು ಧ್ವನಿಮುದ್ರಿಕೆಗಳ ಹೋಲಿಕೆ

ಶಾಸ್ತ್ರೀಯ ಸಂಗೀತವನ್ನೋ ಹಳೆಯ ಚಿತ್ರಗೀತೆಗಳನ್ನೋ ಕೇಳಿ ಕಿವಿ ಹದಗೊಂಡಿರುವ ಗೆಳೆಯರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಜಾಝ್ ಕೇಳಬೇಕೆಂಬ ಆಸೆಯಿದೆ, ಎಲ್ಲಿಂದ ಶುರು ಮಾಡಬೇಕು? ಅಂತರ್ಜಾಲದಲ್ಲಿ ಹುಡುಕಿದರೆ ಶ್ರೇಷ್ಠ ಆಲ್ಬಂಗಳ ಪಟ್ಟಿಗಳಿಗೇನೂ ಕೊರತೆಯಿಲ್ಲ. ಆದರೆ ಶ್ರೇಷ್ಠವಾದದ್ದೆಲ್ಲವೂ ಮೊದಲ ದಿನವೇ ಒಗ್ಗುವುದಿಲ್ಲ. ನಾನು ಮೊದಲು ಕೊಂಡದ್ದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’ ಸಿ.ಡಿ. ಅದರ ಶೀರ್ಷಿಕೆಯ ರಚನೆ ಮೂರು ಬೇರೆ ಬೇರೆ ಷಡ್ಜಗಳ ನಡುವೆ ಅತಿ ದ್ರುತ ಕಾಲದಲ್ಲಿ ಜಿಗಿಯುತ್ತಲೇ ಇರುತ್ತದೆ. 1959ರಲ್ಲಿ ಅದನ್ನು ಧ್ವನಿಮುದ್ರಿಸುವಾಗ ಟಾಮಿ ಫ್ಲಾನಗನ್ ಅವರಂಥ ನುರಿತ ಪಿಯಾನೊ ವಾದಕರೂ ತಮ್ಮ ಸರದಿ ಬಂದಾಗ ತಡವರಿಸಿದ್ದು ಇಂದಿಗೂ ಸ್ಪಷ್ಟವಾಗಿ ಕೇಳಿಸುತ್ತದೆ. ತಂಬೂರಿಯ ಒಂದೇ ಶ್ರುತಿಗೆ ಹೊಂದಿಕೊಂಡಿದ್ದ ನನ್ನ ಕಿವಿಗೆ ಅಲ್ಲಿ ಕಾಲೂರಲು ನೆಲವೇ ಸಿಗಲಿಲ್ಲ. ಮುಂದಿನ ಎರಡು ವರ್ಷ ನಾನು ಜಾಝ್ ಕಡೆಗೆ ತಲೆ ಹಾಕಲಿಲ್ಲ. ಆ ಆಲ್ಬಂ ಇಂದು ನನಗೆ ಬಹು ಪ್ರಿಯವಾದದ್ದು. ಆದರೆ ಅದು ಮೊದಲನೆಯದಾಗಬಾರದಿತ್ತು. ಬೇರೆಯವರಿಗೆ ಹಾಗಾಗದಿರಲಿ ಎಂಬ ಕಾಳಜಿಯಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಇಲ್ಲಿ ತೂಗಿ ನೋಡುತ್ತಿರುವುದು 1956ರಿಂದ 1965ರವರೆಗೆ ಅಮೆರಿಕದಲ್ಲಿ ಹೊರಬಂದ ಏಳು ಆಲ್ಬಂಗಳನ್ನು. ಅದಕ್ಕಿಂತ ಹಿಂದಿನ ಜಾಝ್ ಕಡಿಮೆಯದೆಂದು ಇದರ ಅರ್ಥವಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದ ಒಂಟಿ ಟ್ರಂಪೆಟ್ ಇಡೀ ಪರಂಪರೆಯ ದಿಕ್ಕನ್ನೇ ಬದಲಿಸಿತು. ಆದರೆ ಆ ಕಾಲದ 78 ಆರ್‌ಪಿಎಂ ತಟ್ಟೆಗಳ ಕರಕರ ಸದ್ದಿನ ನಡುವೆ ಡ್ರಮ್ಸ್ ಮತ್ತು ಬಾಸ್‌ಗಳನ್ನು (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಬಿಡಿಸಿ ಕೇಳಿಸಿಕೊಳ್ಳಲು ಅಭ್ಯಾಸ ಬೇಕು. ಐವತ್ತರ ದಶಕದ ನಡುವಿನ ಹೊತ್ತಿಗೆ ಟೇಪ್ ಮತ್ತು ಎಲ್‌ಪಿ ಎರಡೂ ಹದಕ್ಕೆ ಬಂದಿದ್ದರಿಂದ, ಅಲ್ಲಿಂದ ಮುಂದಿನ ಮುದ್ರಣಗಳಲ್ಲಿ ವಾದ್ಯಗಳು ಪಕ್ಕದ ಕೋಣೆಯಲ್ಲಿ ನುಡಿಯುತ್ತಿರುವಷ್ಟು ಹತ್ತಿರವಾಗಿ ಕೇಳುತ್ತವೆ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು, ನೆಲ ಎಷ್ಟು ಚಲಿಸುತ್ತದೆ ಎಂಬುದು. ನಮ್ಮ ಸಂಗೀತದಲ್ಲಿ ಆಧಾರ ಶ್ರುತಿ ಕಛೇರಿಯ ಮೊದಲಿನಿಂದ ಕೊನೆಯವರೆಗೆ ಅಲುಗಾಡುವುದಿಲ್ಲ. ಜಾಝ್‌ನಲ್ಲಿ ಪಿಯಾನೊ ಮತ್ತು ಬಾಸ್ ಕೂಡಿ ಹಾಸುವ ಸ್ವರಮೇಳಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳು, ಕೆಲವು ಕ್ಷಣಗಳಿಗೊಮ್ಮೆ ಬದಲಾಗುತ್ತ, ಮೇಲೆ ನುಡಿಯುತ್ತಿರುವ ಅದೇ ಸ್ವರಕ್ಕೆ ಹೊಸ ಹೊಸ ಅರ್ಥ ಕೊಡುತ್ತ ಹೋಗುತ್ತವೆ. ರಾಗಕ್ಕೆ ಒಗ್ಗಿದ ಕಿವಿಗೆ ಜಾಝ್ ಗೊಂದಲವೆನಿಸುವುದು ಬಹುಮಟ್ಟಿಗೆ ಇದರಿಂದಲೇ ಹೊರತು ಕಿವಿಯ ದೋಷದಿಂದಲ್ಲ. ಆದ್ದರಿಂದ ನೆಲ ನಿಧಾನವಾಗಿ ಚಲಿಸುವ ಆಲ್ಬಂ ಕೆಲವರಿಗೆ ಸುಲಭದ ಬಾಗಿಲಾಗುತ್ತದೆ.

ಎರಡನೆಯದು, ನಿಮ್ಮನ್ನು ಹಿಡಿದಿಡುವುದು ಯಾವುದು ಎಂಬುದು. ರಾಗಭಾವವೋ, ಲಯದ ಲೆಕ್ಕಾಚಾರವೋ, ಸಾಹಿತ್ಯವೋ, ಭಕ್ತಿಯೋ? ಒಬ್ಬರೇ ವ್ಯಕ್ತಿಗೆ ನಾಲ್ಕೂ ಇಷ್ಟವಿರಬಹುದು. ಆದರೂ ಕಛೇರಿಯಲ್ಲಿ ನಿಮ್ಮ ಬೆನ್ನು ತಾನಾಗಿ ನೆಟ್ಟಗಾಗುವ ಘಳಿಗೆ ಯಾವುದೆಂದು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಮೂರನೆಯದು, ಎಲ್ಲಿ ಕೇಳುತ್ತೀರಿ ಎಂಬುದು: ಅಡುಗೆಮನೆಯ ಕುಕ್ಕರಿನ ಸೀಟಿಯ ನಡುವೆಯೂ ಉಳಿಯುವ ಸಂಗೀತವಿದೆ, ದೀಪವಾರಿಸಿ ಕೂತರೆ ಮಾತ್ರ ತೆರೆದುಕೊಳ್ಳುವ ಸಂಗೀತವೂ ಇದೆ. ಕೊನೆಯದು ಹಣ. ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಈ ಏಳೂ ಆಲ್ಬಂಗಳನ್ನು ಇಂದು ಫೋನಿನಲ್ಲಿ ಕೇಳಿ ನೋಡಲು ಬಹಳ ಕಡಿಮೆ ಖರ್ಚು ಸಾಕು.

ಹೋಲಿಸುವ ಮೊದಲು ರಚನೆಯ ಬಗ್ಗೆ ಒಂದು ಮಾತು. ಈ ಕಾಲದ ಹೆಚ್ಚಿನ ಜಾಝ್ ರಚನೆಗಳಲ್ಲಿ ಮೊದಲು ಎಲ್ಲರೂ ಕೂಡಿ ಮೂಲ ಧಾಟಿಯನ್ನು ನುಡಿಸುತ್ತಾರೆ, ಅದನ್ನು ಪಲ್ಲವಿಯೆಂದುಕೊಳ್ಳಿ. ಆ ಪಲ್ಲವಿಯ ಉದ್ದ ಹನ್ನೆರಡೋ ಮೂವತ್ತೆರಡೋ ಅಳತೆಗಳು, ಅಂದರೆ ನಾಲ್ಕು ನಾಲ್ಕು ಎಣಿಕೆಯ ಘಟಕಗಳು. ಆ ಉದ್ದವೇ ಒಂದು ಆವರ್ತನವಾಗಿ ಸುತ್ತುತ್ತಿರುತ್ತದೆ, ಅದರ ಮೇಲೆ ಒಬ್ಬೊಬ್ಬರಾಗಿ ತಮ್ಮ ಮನೋಧರ್ಮವನ್ನು ತೋರುತ್ತಾರೆ, ಕೊನೆಗೆ ಪಲ್ಲವಿ ಮರಳುತ್ತದೆ. ಒಬ್ಬರು ನುಡಿಸುತ್ತಿರುವಾಗ ಮನಸ್ಸಿನಲ್ಲೇ ಮೂಲ ಧಾಟಿಯನ್ನು ಗುನುಗುತ್ತಿದ್ದರೆ, ಅವರು ಎಲ್ಲಿದ್ದಾರೆಂಬುದು ತಿಳಿಯುತ್ತದೆ. ನೆರವಲ್ ಕೇಳುವಾಗ ಸಾಹಿತ್ಯದ ಸಾಲನ್ನು ಮನಸ್ಸಿನಲ್ಲಿ ಹಿಡಿದಿರುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ರಾಗದ ಕಿವಿಗೆ: ‘ಕೈಂಡ್ ಆಫ್ ಬ್ಲೂ’

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಈ ಆಲ್ಬಂ ಅನ್ನು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದರು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಎತ್ತರದ ಚಾವಣಿಯಡಿಯ ಆ ವಿಶಾಲವಾದ ಗುಂಗು ಪ್ರತಿ ಸ್ವರದ ಹಿಂದೆಯೂ ಕೇಳಿಸುತ್ತದೆ. ತಗ್ಗು ದನಿಯ ಟೆನರ್ ಸ್ಯಾಕ್ಸೋಫೋನಿನಲ್ಲಿ ಜಾನ್ ಕೋಲ್ಟ್ರೇನ್, ಅದಕ್ಕಿಂತ ಏರುದನಿಯ ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೊದಲ್ಲಿ ಬಿಲ್ ಎವನ್ಸ್, ಒಂದು ರಚನೆಗೆ ಮಾತ್ರ ವಿಂಟನ್ ಕೆಲಿ, ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಒಟ್ಟು ಐದು ರಚನೆಗಳು, ಸುಮಾರು ಮುಕ್ಕಾಲು ಗಂಟೆ.

ರಾಗ ಸಂಗೀತ ಬಲ್ಲವರಿಗೆ ನಾನು ಇದನ್ನು ಮೊದಲು ಸೂಚಿಸುವುದು ಇದರ ಖ್ಯಾತಿಗಾಗಿ ಅಲ್ಲ. ಮೈಲ್ಸ್ ಇಲ್ಲಿ ಬೇಗಬೇಗ ಬದಲಾಗುವ ಸ್ವರಮೇಳಗಳನ್ನು ಬಿಟ್ಟು, ವಾದಕರಿಗೆ ಒಂದೊಂದು ಸ್ವರಶ್ರೇಣಿಯನ್ನು ಕೊಟ್ಟು ಅದರಲ್ಲೇ ದೀರ್ಘಕಾಲ ವಿಹರಿಸಲು ಬಿಟ್ಟರು. ಮೊದಲ ರಚನೆ ‘ಸೋ ವಾಟ್’ ಅನ್ನೇ ತೆಗೆದುಕೊಳ್ಳಿ. ಪಿಯಾನೊ ಮತ್ತು ಬಾಸ್ ಮಾತಿಲ್ಲದೆ ತಡಕಾಡಿದಂತೆ ಕೆಲವು ಕ್ಷಣ. ಆಮೇಲೆ ಬಾಸ್ ಒಂದು ಪ್ರಶ್ನೆಯನ್ನು ಕೇಳುತ್ತದೆ, ಉಳಿದವರು ಎರಡೇ ಸ್ವರಮೇಳಗಳಲ್ಲಿ ಉತ್ತರಿಸುತ್ತಾರೆ. ಅಲ್ಲಿನ ಸ್ವರಶ್ರೇಣಿಯನ್ನು ಪಾಶ್ಚಾತ್ಯರು ಡೋರಿಯನ್ ಎನ್ನುತ್ತಾರೆ. ಅದು ನಮ್ಮ 22ನೇ ಮೇಳಕರ್ತ ಖರಹರಪ್ರಿಯದ ಸ್ವರಗಳೇ. ಹದಿನಾರು ಅಳತೆಗಳವರೆಗೆ ಒಂದು ಷಡ್ಜದ ಮೇಲೆ ಖರಹರಪ್ರಿಯ, ಮುಂದಿನ ಎಂಟಕ್ಕೆ ಷಡ್ಜವೇ ಅರ್ಧ ಸ್ವರ ಮೇಲೇರಿ ಮತ್ತೆ ಅದೇ ಶ್ರೇಣಿ, ಕೊನೆಯ ಎಂಟಕ್ಕೆ ಮೊದಲಿನ ಷಡ್ಜಕ್ಕೆ ವಾಪಸು. ಈ ಮೂವತ್ತೆರಡು ಅಳತೆಗಳ ಸುತ್ತು ಒಮ್ಮೆ ಕಿವಿಗೆ ಸಿಕ್ಕಿತೆಂದರೆ, ಆ ಅರ್ಧ ಸ್ವರದ ಏರಿಕೆ ಬರುವ ಮುನ್ನವೇ ಮೈ ಅದಕ್ಕೆ ಸಿದ್ಧವಾಗುತ್ತದೆ. ನನಗೆ ಜಾಝ್ ‘ಅರ್ಥವಾದ’ ಮೊದಲ ಘಳಿಗೆ ಅದೇ. ಗಮಕಗಳಿಲ್ಲದ ಖರಹರಪ್ರಿಯ ರಾಗವೇ ಅಲ್ಲವೆಂದು ವಿದ್ವಾಂಸರು ಹೇಳಿದರೆ ಅದು ಒಪ್ಪತಕ್ಕ ಮಾತು. ಇಲ್ಲಿ ಹೇಳುತ್ತಿರುವುದು ಸ್ವರಗಳ ಪರಿಚಯವೆಂಬ ಹಿಡಿಕೆಯನ್ನು ಮಾತ್ರ.

ಇನ್ನೊಂದು ಅನುಕೂಲವೆಂದರೆ ಮೂವರು ಗಾಳಿವಾದ್ಯದವರ ಸ್ವಭಾವಗಳು ಇಲ್ಲಿ ಸುಲಭವಾಗಿ ಬೇರ್ಪಡುತ್ತವೆ. ಮೈಲ್ಸ್ ಕಡಿಮೆ ಸ್ವರಗಳಲ್ಲಿ, ಮೌನವನ್ನೂ ಲೆಕ್ಕಕ್ಕೆ ಹಿಡಿದು ನುಡಿಸುತ್ತಾರೆ. ಕೋಲ್ಟ್ರೇನ್ ಒಂದೇ ವಿಚಾರವನ್ನು ಹತ್ತು ಕಡೆಯಿಂದ ಹಿಡಿದು ನೋಡುತ್ತಾರೆ. ಆಡರ್ಲಿಯವರ ಆಲ್ಟೊದಲ್ಲಿ ನಗೆಯಿದೆ. ಇದರ ಕೊರತೆಯನ್ನೂ ಹೇಳಬೇಕು. ಹಿತವಾಗಿರುವುದರಿಂದಲೇ ಇದು ಹಿನ್ನೆಲೆಯ ಸದ್ದಾಗಿ ಕರಗಿಹೋಗುತ್ತದೆ. ಹಾಗೆ ಹತ್ತು ಸಲ ಕೇಳಿ ‘ಚೆನ್ನಾಗಿದೆ, ಆದರೆ ಇದರಲ್ಲೇನು’ ಎಂದವರನ್ನು ಬಲ್ಲೆ. ಇದನ್ನು ಆರಿಸುವುದಾದರೆ ಒಂದು ಸಲವಾದರೂ ಕೂತು, ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿ.

ಲಯದ ಕಿವಿಗೆ: ‘ಟೈಮ್ ಔಟ್’ ಮತ್ತು ‘ಮೋನಿನ್’

ತನಿ ಆವರ್ತನ ಬಂದಾಗ ಕಾಫಿಗೆ ಎದ್ದು ಹೋಗದವರು ನೀವಾಗಿದ್ದರೆ, ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ತಂಡದ ‘ಟೈಮ್ ಔಟ್’ ನಿಮಗೆ ತವರಿನಂತೆ ಅನಿಸಬಹುದು. ಇದೂ 1959ರದ್ದೇ, ಅದೇ 30ನೇ ಬೀದಿಯ ಸ್ಟುಡಿಯೊದ್ದೇ. ಹಿಂದಿನ ವರ್ಷ ಈ ತಂಡ ಅಮೆರಿಕ ಸರ್ಕಾರದ ಪರವಾಗಿ ಪೋಲೆಂಡ್, ಟರ್ಕಿ, ಭಾರತ ಮುಂತಾದ ದೇಶಗಳನ್ನು ಸುತ್ತಿ ಬಂದಿತ್ತು. ಟರ್ಕಿಯ ಬೀದಿ ಸಂಗೀತಗಾರರಿಂದ ಕೇಳಿದ ಒಂಬತ್ತರ ನಡೆಯನ್ನು ಬ್ರೂಬೆಕ್ ‘ಬ್ಲೂ ರೊಂಡೊ ಆ ಲ ಟರ್ಕ್’ ರಚನೆಯಲ್ಲಿ ಬಳಸಿಕೊಂಡರು: ಎರಡು, ಎರಡು, ಎರಡು, ಮೂರು. ಅಮೆರಿಕದ ಕೇಳುಗರಿಗೆ ಅದು ವಿಚಿತ್ರವಾಗಿ ಕಂಡಿತ್ತು. ಸಂಕೀರ್ಣ ಜಾತಿಯ ಒಂಬತ್ತನ್ನು ಬಲ್ಲವರಿಗೆ ಕೈಬೆರಳು ತಾನಾಗಿ ಎಣಿಸತೊಡಗುತ್ತದೆ.

ಪ್ರಸಿದ್ಧವಾದ ‘ಟೇಕ್ ಫೈವ್’ ರಚನೆ ಬ್ರೂಬೆಕ್ ಅವರದಲ್ಲ, ಆಲ್ಟೊ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. ಐದರ ನಡೆ, ನಮ್ಮ ಖಂಡ ಚಾಪುವಿನಲ್ಲಿ ಎರಡರ ಮೇಲೆ ಮೂರು ಬಂದರೆ ಇಲ್ಲಿ ಮೂರರ ಮೇಲೆ ಎರಡು ಬರುತ್ತದೆ. ನಡುವೆ ಜೋ ಮೊರೆಲ್ಲೊ ಅವರ ಡ್ರಮ್ಸ್ ಸೋಲೊ ಬಂದಾಗ ಪಿಯಾನೊ ನಿಲ್ಲುವುದಿಲ್ಲ. ಅದೇ ಐದರ ಪುಟ್ಟ ತುಣುಕನ್ನು ಬಿಡದೆ ನುಡಿಸುತ್ತಲೇ ಇರುತ್ತದೆ. ತಬಲಾ ಸೋಲೊಗೆ ಹಾರ್ಮೋನಿಯಂ ಲೆಹರಾ ಹಿಡಿಯುವ ಕ್ರಮ ಗೊತ್ತಿರುವವರಿಗೆ ಇದರ ಉದ್ದೇಶವನ್ನು ವಿವರಿಸಬೇಕಾಗಿಲ್ಲ. ಡ್ರಮ್ಸ್ ತಾಳದಿಂದ ಎಷ್ಟು ದೂರ ಹೋದಂತೆ ಕಂಡರೂ ಆ ಲೆಹರಾ ನಮ್ಮನ್ನು ಸಮದ ಹತ್ತಿರವೇ ಇಟ್ಟಿರುತ್ತದೆ. ಡೆಸ್ಮಂಡ್ 1977ರಲ್ಲಿ ತೀರಿಕೊಂಡಾಗ ಈ ರಚನೆಯ ಗೌರವಧನವನ್ನೆಲ್ಲ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಗೆ ಬರೆದಿಟ್ಟು ಹೋದರು.

‘ಟೈಮ್ ಔಟ್’ ಸುಮಾರು ಮೂವತ್ತೆಂಟು ನಿಮಿಷದ್ದು, ಧಾಟಿಗಳು ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುತ್ತವೆ, ಮನೆಯಲ್ಲಿ ಮಕ್ಕಳೊಂದಿಗೆ ಕೇಳಲೂ ಚೆನ್ನ. ಆದರೆ ಇಲ್ಲಿ ಸಂಗೀತದ ಬಟ್ಟೆ ಇಸ್ತ್ರಿ ಮಾಡಿದಷ್ಟು ಅಚ್ಚುಕಟ್ಟು. ಜಾಝ್‌ನ ಬೆವರು, ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್‌ನ ನೋವು, ಅವರ ಚರ್ಚುಗಳ ಬಿಸಿ ಬೇಕೆಂದರೆ ಇದರಲ್ಲಿ ಹೆಚ್ಚು ಸಿಗುವುದಿಲ್ಲ. ಅದಕ್ಕೆ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ಮತ್ತು ಅವರ ‘ಜಾಝ್ ಮೆಸೆಂಜರ್ಸ್’ ತಂಡದ ‘ಮೋನಿನ್’ ಬೇಕು.

ಇದನ್ನು 1958ರ ಅಕ್ಟೋಬರ್ 30ರಂದು ಬ್ಲೂ ನೋಟ್ ಕಂಪನಿಗಾಗಿ ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಿಸಿದರು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅವರ ತಂದೆತಾಯಿಯ ಮನೆಯ ಹಜಾರವೇ ಆಗ ಅವರ ಸ್ಟುಡಿಯೊ ಆಗಿತ್ತು. ಶೀರ್ಷಿಕೆಯ ರಚನೆ ಪಿಯಾನೊ ವಾದಕ ಬಾಬಿ ಟಿಮನ್ಸ್ ಅವರದು. ಪಿಯಾನೊ ಒಂದು ಸಾಲು ಕೂಗುತ್ತದೆ, ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಎರಡು ಸ್ವರಗಳಲ್ಲಿ ‘ಆಮೆನ್’ ಅಂದಂತೆ ಓಗೊಡುತ್ತವೆ. ಭಜನಾ ಮಂಡಳಿಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಡಿಯುವ ಕ್ರಮವನ್ನು ಕೇಳಿ ಬೆಳೆದವರಿಗೆ ಇದು ಮೊದಲ ಹತ್ತು ಸೆಕೆಂಡಿನಲ್ಲೇ ಒಳಗಿಳಿಯುತ್ತದೆ. ಆಗ ಟ್ರಂಪೆಟ್ ವಾದಕ ಲೀ ಮಾರ್ಗನ್ ಅವರಿಗೆ ಇಪ್ಪತ್ತೇ ವರ್ಷ; ಅವರ ಸೋಲೊದ ಮೊದಲ ಸ್ವರಗಳಲ್ಲಿರುವ ಧೈರ್ಯಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ. ಉಳಿದ ರಚನೆಗಳಲ್ಲಿ ಹೆಚ್ಚಿನವು ಟೆನರ್ ವಾದಕ ಬೆನ್ನಿ ಗೋಲ್ಸನ್ ಅವರವು. ಹೊರಬಂದಾಗ ಆಲ್ಬಂನ ಹೆಸರು ತಂಡದ ಹೆಸರೇ ಆಗಿತ್ತು. ‘ಮೋನಿನ್’ ಎಂಬುದು ಆಮೇಲೆ ಅಂಟಿಕೊಂಡದ್ದು. ಹಾಗಾಗಿ ಕೊಳ್ಳುವಾಗ ಎರಡೂ ಹೆಸರಿನಲ್ಲಿ ಹುಡುಕಬೇಕು.

ಲೆಕ್ಕವನ್ನು ಸವಿಯುವವರಿಗೆ ಬ್ರೂಬೆಕ್, ಕಾಲು ತಾನಾಗಿ ಕುಣಿಯಬೇಕೆನ್ನುವವರಿಗೆ ಬ್ಲೇಕಿ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಬೆಳಗಿನ ನಡಿಗೆಯಲ್ಲಿ ಕೇಳುವವರಿಗೆ ಈ ಏಳರಲ್ಲಿ ‘ಮೋನಿನ್’ನಷ್ಟು ಒದಗಿಬರುವುದು ಬೇರೊಂದಿಲ್ಲ.

ಸಾಹಿತ್ಯ ಬೇಕೆನ್ನುವವರಿಗೆ

ಮಾತಿಲ್ಲದ ಸಂಗೀತದಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುವವರು ಸಂಕೋಚಪಡಬೇಕಾಗಿಲ್ಲ. ಅವರಿಗೆ 1956ರ ‘ಎಲಾ ಆ್ಯಂಡ್ ಲೂಯಿ’ ಇದೆ. ಎಲಾ ಫಿಟ್ಸ್‌ಜೆರಾಲ್ಡ್ ಅವರ ನಿರ್ಮಲವಾದ ಕಂಠ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿ ಮತ್ತು ಟ್ರಂಪೆಟ್, ಹಿಂದೆ ಆಸ್ಕರ್ ಪೀಟರ್ಸನ್ ಅವರ ಪಿಯಾನೊ ತಂಡ. ಹನ್ನೊಂದು ಪ್ರೇಮಗೀತೆಗಳು, ಒಂದು ಗಂಟೆಗೆ ತುಸು ಕಡಿಮೆ. ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಲು ಹೋಗದೆ, ಹಳೆಯ ನೆಂಟರು ಜಗಲಿಯಲ್ಲಿ ಕೂತು ಮಾತಾಡಿದಂತೆ ಹಾಡುತ್ತಾರೆ. ಹಿರಿಯರಿಗೆ ಉಡುಗೊರೆ ಕೊಡುವುದಾದರೆ ಎರಡನೆಯ ಯೋಚನೆ ಬೇಡ. ಆದರೆ ಇಲ್ಲಿ ದೀರ್ಘ ಮನೋಧರ್ಮ ಕಡಿಮೆ. ಇದರಿಂದ ವಾದ್ಯ ಜಾಝ್‌ಗೆ ದಾಟಲು ಇನ್ನೊಂದು ಮೆಟ್ಟಿಲು ಬೇಕಾಗುತ್ತದೆ.

ರಾತ್ರಿಯ ಹೊತ್ತಿಗೆ: ‘ವಾಲ್ಟ್ಸ್ ಫಾರ್ ಡೆಬಿ’

‘ಕೈಂಡ್ ಆಫ್ ಬ್ಲೂ’ನಲ್ಲಿ ಪಿಯಾನೊ ನುಡಿಸಿದ ಬಿಲ್ ಎವನ್ಸ್ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಪುಟ್ಟ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸರದಿ ನುಡಿಸಿದರು. ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಶನ್. ಆ ದಿನದ ಮುದ್ರಣದಿಂದ ಎರಡು ಆಲ್ಬಂಗಳು ಬಂದವು: ಮೊದಲು ‘ಸಂಡೆ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’, ಆಮೇಲೆ ‘ವಾಲ್ಟ್ಸ್ ಫಾರ್ ಡೆಬಿ’. ಡೆಬಿ ಎಂದರೆ ಎವನ್ಸ್ ಅವರ ಅಣ್ಣನ ಮಗಳು.

ಮೊದಲ ರಚನೆ ‘ಮೈ ಫೂಲಿಶ್ ಹಾರ್ಟ್’ ಶುರುವಾಗುವಾಗ ಕಿವಿಗೆ ಬೀಳುವುದು ಸಂಗೀತ ಮಾತ್ರವಲ್ಲ. ಎಲ್ಲೋ ಗಾಜಿನ ಲೋಟ ಲೋಟಕ್ಕೆ ತಾಗುತ್ತದೆ, ಯಾರೋ ಪಿಸುಗುಡುತ್ತಾರೆ, ಒಂದು ನಗು ಹಾದುಹೋಗುತ್ತದೆ. ಆ ಜನರು ಮಾತಾಡುತ್ತಲೇ ಇದ್ದಾರೆ. ಈ ಮೂವರು ಒಬ್ಬರ ಉಸಿರಿಗೆ ಇನ್ನೊಬ್ಬರು ಕಿವಿಗೊಟ್ಟು ನುಡಿಸುತ್ತಿದ್ದಾರೆ. ಇಲ್ಲಿ ಬಾಸ್ ಕೇವಲ ಪಕ್ಕವಾದ್ಯವಲ್ಲ. ಲಫಾರೊ ತಾಳ ಹಿಡಿಯುವ ಕೆಲಸವನ್ನು ಆಗಾಗ ಬಿಟ್ಟು ಪಿಯಾನೊ ಜೊತೆ ಸಮಸಮನಾಗಿ ಸಂವಾದಕ್ಕಿಳಿಯುತ್ತಾರೆ. ಹನ್ನೊಂದು ದಿನಗಳ ಬಳಿಕ, ಇಪ್ಪತ್ತೈದರ ವಯಸ್ಸಿನಲ್ಲಿ, ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಈ ಸಂಗತಿ ತಿಳಿದ ಮೇಲೆ ಆ ಬಾಸ್ ಅನ್ನು ಮೊದಲಿನಂತೆ ಕೇಳಲು ನನಗೆ ಸಾಧ್ಯವಾಗಿಲ್ಲ.

ಹಗಲಿನ ಗದ್ದಲದಲ್ಲಿ ಈ ಆಲ್ಬಂ ಕಳೆದುಹೋಗುತ್ತದೆ. ಇಯರ್‌ಫೋನಿನಲ್ಲಿ, ಮನೆ ಮಲಗಿದ ಮೇಲೆ ಕೇಳುವವರಿಗೆ ಮಾತ್ರ ಇದನ್ನು ಮೊದಲ ಆಯ್ಕೆಯಾಗಿ ಹೇಳುತ್ತೇನೆ. ‘ಕೈಂಡ್ ಆಫ್ ಬ್ಲೂ’ ಜೊತೆ ತೂಗಿದರೆ ಇಲ್ಲಿ ನೆಲ ಹೆಚ್ಚು ಚಲಿಸುತ್ತದೆ, ಆದರೆ ಮೃದುವಾಗಿ; ವಾದ್ಯಗಳು ಮೂರೇ ಆದ್ದರಿಂದ ಯಾರು ಏನು ಮಾಡುತ್ತಿದ್ದಾರೆಂಬುದು ಅಲ್ಲಿಗಿಂತ ಇಲ್ಲಿ ಬೇಗ ತಿಳಿಯುತ್ತದೆ.

ಕಥೆ ಮತ್ತು ಕೋಪ: ‘ಮಿಂಗಸ್ ಆ ಅಮ್’

ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ಈ ಆಲ್ಬಂ ಕೂಡ 1959ರ ಮೇ ತಿಂಗಳಲ್ಲಿ ಅದೇ 30ನೇ ಬೀದಿಯ ಸ್ಟುಡಿಯೊದಲ್ಲಿ ಮುದ್ರಣವಾಯಿತು. ಒಂದೇ ವರ್ಷ, ಒಂದೇ ಕಟ್ಟಡ, ಮೂರು ಬೇರೆ ಲೋಕಗಳು. ಮೊದಲ ರಚನೆಯಲ್ಲೇ ಚಪ್ಪಾಳೆ, ಕೂಗು, ಮಿಂಗಸ್ ಅವರ ಹುರಿದುಂಬಿಸುವ ದನಿ ಎಲ್ಲ ಸೇರಿ ಜಾತ್ರೆಯ ವಾತಾವರಣ. ಮರುಕ್ಷಣವೇ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’: ಆ ವರ್ಷ ಮಾರ್ಚಿನಲ್ಲಿ ತೀರಿಕೊಂಡಿದ್ದ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರಿಗೆ, ಅವರು ತೊಡುತ್ತಿದ್ದ ಟೋಪಿಯ ಹೆಸರಿನಲ್ಲಿ ಅರ್ಪಿಸಿದ ಶೋಕಗೀತೆ. ಅದರಲ್ಲಿ ಜಾನ್ ಹ್ಯಾಂಡಿ ತಮ್ಮ ಟೆನರ್‌ನ ಒಂದು ಸ್ವರವನ್ನು ನಾಲಿಗೆಯಿಂದ ನಡುಗಿಸುವ ಕಡೆ, ಅಳು ತಡೆದು ಮಾತಾಡುವವರ ತುಟಿಯ ಕಂಪನವೇ ಕಾಣುತ್ತದೆ.

‘ಫೇಬಲ್ಸ್ ಆಫ್ ಫಾಬಸ್’ ರಚನೆಯ ಹಿಂದೆ ಒಂದು ಘಟನೆಯಿದೆ. 1957ರಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್, ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಲಿಟಲ್ ರಾಕ್ ಊರಿನ ಶಾಲೆಗೆ ಕಾಲಿಡದಂತೆ ತಡೆಯಲು ರಾಜ್ಯದ ಸೈನಿಕ ಪಡೆಯನ್ನೇ ನಿಲ್ಲಿಸಿದ್ದರು. ಆ ಗವರ್ನರನ್ನು ಮಿಂಗಸ್ ಸಂಗೀತದಲ್ಲೇ ಅಣಕಿಸಿದರು. ಈ ಆಲ್ಬಂನಲ್ಲಿ ಅದು ಮಾತಿಲ್ಲದೆ ಬಂದಿದೆ. ಮರುವರ್ಷ ಕ್ಯಾಂಡಿಡ್ ಕಂಪನಿಗಾಗಿ ಅದನ್ನೇ ಕಟುವಾದ ಮಾತುಗಳ ಸಮೇತ ಮುದ್ರಿಸಿದರು. ಯಕ್ಷಗಾನದಲ್ಲಿ ಬಣ್ಣದ ವೇಷವೊಂದು ರಂಗಕ್ಕೆ ಬರುವ ನಡಿಗೆಯಷ್ಟು ಸ್ಪಷ್ಟವಾಗಿ ಆ ಧಾಟಿ ಒಬ್ಬ ಅಧಿಕಾರಸ್ಥನ ನಡಿಗೆಯನ್ನು ಚಿತ್ರಿಸುತ್ತದೆ.

ಸಂಗೀತದ ಹಿಂದೆ ಮನುಷ್ಯರೂ ಚರಿತ್ರೆಯೂ ಬೇಕೆನ್ನುವವರಿಗೆ, ಸಾಹಿತ್ಯ ಮತ್ತು ರಂಗಭೂಮಿಯ ಒಲವಿರುವವರಿಗೆ ಇದು ಏಳರಲ್ಲಿ ಅತ್ಯುತ್ತಮ. ಕಷ್ಟವೇನೆಂದರೆ ಒಮ್ಮೊಮ್ಮೆ ನಾಲ್ಕೈದು ದನಿಗಳು ಒಟ್ಟಿಗೆ ಮಾತಾಡುತ್ತವೆ. ಏಕಕಂಠದ ರಾಗಾಲಾಪನೆಗೆ ಒಗ್ಗಿದ ಕಿವಿಗೆ ಮೊದಲ ಸಲ ಉಸಿರುಗಟ್ಟಿದಂತಾಗಬಹುದು. ದಿನಕ್ಕೆ ಎರಡೇ ರಚನೆ ಕೇಳಿದರೆ ಆ ತೊಂದರೆ ಉಳಿಯುವುದಿಲ್ಲ.

ಪ್ರಾರ್ಥನೆಯ ದಾರಿ: ‘ಎ ಲವ್ ಸುಪ್ರೀಮ್’

ಕೋಲ್ಟ್ರೇನ್ 1964ರ ಡಿಸೆಂಬರ್ 9ರಂದು ಒಂದೇ ಕೂರಿಕೆಯಲ್ಲಿ ಮುದ್ರಿಸಿದ, ಮರುವರ್ಷ ಹೊರಬಂದ ಈ ಆಲ್ಬಂ ದೇವರಿಗೆ ಅರ್ಪಿತವಾದ ನಾಲ್ಕು ಭಾಗಗಳ ಕೃತಿ. ಪಿಯಾನೊದಲ್ಲಿ ಮೆಕಾಯ್ ಟೈನರ್, ಬಾಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್. ಮಾದಕ ವಸ್ತುವಿನ ಚಟದಿಂದ ಹೊರಬಂದ 1957ರಲ್ಲಿ ತಮಗೆ ಆಧ್ಯಾತ್ಮಿಕ ಎಚ್ಚರವಾಯಿತೆಂದು ಕೋಲ್ಟ್ರೇನ್ ಆಲ್ಬಂನ ಹೊದಿಕೆಯಲ್ಲಿ ಬರೆದುಕೊಂಡಿದ್ದಾರೆ. ಮೊದಲ ಭಾಗದಲ್ಲಿ ಬಾಸ್ ನಾಲ್ಕು ಸ್ವರಗಳ ಒಂದು ತುಣುಕನ್ನು ಹಿಡಿಯುತ್ತದೆ. ಕೋಲ್ಟ್ರೇನ್ ಅದನ್ನು ಎತ್ತಿಕೊಂಡು ಹನ್ನೆರಡೂ ಶ್ರುತಿಗಳಲ್ಲಿ ಇಟ್ಟು ನೋಡುತ್ತಾರೆ; ಎಲ್ಲಿ ಹೋದರೂ ಅವನೇ ಇದ್ದಾನೆ ಎಂಬಂತೆ. ಕೊನೆಗೆ ವಾದ್ಯವನ್ನು ಕೆಳಗಿಟ್ಟು ಆಲ್ಬಂನ ಹೆಸರನ್ನೇ ನಾಮಜಪದಂತೆ ಉಚ್ಚರಿಸುತ್ತಾರೆ.

ನಾಲ್ಕನೆಯ ಭಾಗ ‘ಸಾಮ್’ ನಮ್ಮವರಿಗೆ ವಿಶೇಷವಾಗಿ ಹತ್ತಿರವಾಗಬಹುದಾದದ್ದು. ಅಲ್ಲಿ ನಿಗದಿಯಾದ ತಾಳವಿಲ್ಲ. ಹೊದಿಕೆಯಲ್ಲಿ ಅಚ್ಚಾಗಿರುವ ತಮ್ಮದೇ ಪ್ರಾರ್ಥನಾ ಪದ್ಯವನ್ನು ಕೋಲ್ಟ್ರೇನ್ ಸ್ಯಾಕ್ಸೋಫೋನಿನಲ್ಲಿ ಅಕ್ಷರ ಅಕ್ಷರವಾಗಿ ‘ಓದುತ್ತಾರೆ’. ಗಮಕಿಗಳು ಪದ್ಯದ ಅರ್ಥಕ್ಕೆ ತಕ್ಕಂತೆ ಸ್ವರವನ್ನು ಎಳೆದು, ನಿಲ್ಲಿಸಿ, ಮುಂದುವರಿಸುವ ವಾಚನವನ್ನು ಕೇಳಿದವರು ಆ ಪದ್ಯವನ್ನು ಕೈಯಲ್ಲಿ ಹಿಡಿದು ಈ ಭಾಗವನ್ನು ಕೇಳಬೇಕು; ಸಾಲು ಸಾಲಿಗೂ ವಾದ್ಯ ಹೊಂದಿಕೊಳ್ಳುವುದನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಇಷ್ಟಾಗಿಯೂ ನಡುವಿನ ಎರಡು ಭಾಗಗಳಲ್ಲಿ ಅವರ ವಾದ್ಯ ಕಿರುಚುವಷ್ಟು ತೀವ್ರವಾಗುತ್ತದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರಿಯ ಮೂವತ್ಮೂರು ನಿಮಿಷದ್ದಾದರೂ ಇದನ್ನು ಅರ್ಧಕ್ಕೆ ನಿಲ್ಲಿಸಿ ಕೇಳುವಂತಿಲ್ಲ. ಭಕ್ತಿಯೇ ನಿಮ್ಮ ಸಂಗೀತದ ಮೂಲವಾಗಿದ್ದರೆ ಇದು ಮೊದಲನೆಯದಾಗಲಿ. ಇಲ್ಲವಾದರೆ ಮೂರನೆಯದೋ ನಾಲ್ಕನೆಯದೋ ಆಗಲಿ.

ಹಣ ಎಲ್ಲಿ ಹಾಕಬೇಕು

ಸ್ಟ್ರೀಮಿಂಗ್‌ನಲ್ಲಿ ಏಳನ್ನೂ ಒಂದು ವಾರ ಕೇಳಿ, ಯಾವುದಕ್ಕೆ ಮನಸ್ಸು ಎರಡನೆಯ ಸಲ ಓಡುತ್ತದೆಂದು ನೋಡಿಕೊಳ್ಳುವುದೇ ಮೊದಲ ಹೆಜ್ಜೆ. ಅಲ್ಲಿ ಒಂದು ಎಚ್ಚರ ಬೇಕು: ಹೊಸ ಆವೃತ್ತಿಗಳಲ್ಲಿ ಮೂಲ ಆಲ್ಬಂ ಮುಗಿದ ಮೇಲೆ ಅದೇ ರಚನೆಯ ಬೇರೆ ಪ್ರಯತ್ನಗಳನ್ನೂ ಸೇರಿಸಿರುತ್ತಾರೆ. ಹೊಸಬರಿಗೆ ಅದು ಆಲ್ಬಂನ ಆಕಾರವನ್ನೇ ಕೆಡಿಸುತ್ತದೆ. ಮೂಲ ರಚನೆಗಳಷ್ಟನ್ನೇ ಆರಿಸಿ ಬೇರೆ ಪಟ್ಟಿ ಮಾಡಿಟ್ಟುಕೊಳ್ಳಿ. ಮಿಂಗಸ್ ಆಲ್ಬಂನಲ್ಲಿ ಮಾತ್ರ ಉಲ್ಟಾ: 1959ರ ಎಲ್‌ಪಿಗಾಗಿ ಹಲವು ರಚನೆಗಳನ್ನು ಕತ್ತರಿಸಿದ್ದರು, ನಂತರದ ಆವೃತ್ತಿಗಳಲ್ಲಿ ಪೂರ್ಣ ರೂಪ ಸಿಗುತ್ತದೆ, ಅದನ್ನೇ ಕೇಳುವುದು ಲೇಸು.

ಸಿ.ಡಿ. ಇಂದಿಗೂ ಕಡಿಮೆ ಹಣಕ್ಕೆ ಒಳ್ಳೆಯ ನಾದ ಕೊಡುವ ದಾರಿ. ಹೊರದೇಶದಿಂದ ಬರುವ ಎಲ್‌ಪಿಗಳಿಗೆ ಇಲ್ಲಿ ಸಾವಿರಗಳ ಲೆಕ್ಕದಲ್ಲಿ ಬೆಲೆ ತೆರಬೇಕು. ತೀರಾ ಅಗ್ಗವಾಗಿ ಕಂಡರೆ ಹಿಂದೆ ಮುಂದೆ ನೋಡಿ. 1963ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳ ಹಕ್ಕಿನ ಅವಧಿ ಯುರೋಪಿನಲ್ಲಿ ಮುಗಿದಿರುವುದರಿಂದ, ಮೂಲ ಟೇಪಿನ ಸಂಬಂಧವೇ ಇಲ್ಲದೆ ಸಿ.ಡಿ.ಯಿಂದಲೇ ಎಲ್‌ಪಿ ಒತ್ತಿ ಮಾರುವವರಿದ್ದಾರೆ. ಅದಕ್ಕೆ ದುಡ್ಡು ಕೊಡುವ ಬದಲು ಅಸಲಿ ಸಿ.ಡಿ. ಕೊಳ್ಳುವುದು ಮೇಲು.

‘ಕೈಂಡ್ ಆಫ್ ಬ್ಲೂ’ನ ಹಳೆಯ ಎಲ್‌ಪಿ ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಮಾರ್ಚ್ 2ರಂದು ಮುದ್ರಣದ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಮೊದಲ ಮೂರು ರಚನೆಗಳು ತಟ್ಟೆಯಲ್ಲಿ ಸ್ವಲ್ಪ ಏರಿದ ಶ್ರುತಿಯಲ್ಲಿ ಬಂದವು. ಅದು ಸರಿಯಾದದ್ದು 1992ರ ಮರುಮುದ್ರಣದಲ್ಲಿ. ಕೇಳುವುದಕ್ಕಷ್ಟೇ ಆದರೆ ತೊಂದರೆಯಿಲ್ಲ. ಆದರೆ ಜೊತೆಯಲ್ಲಿ ಪಿಟೀಲನ್ನೋ ಕೊಳಲನ್ನೋ ನುಡಿಸಿ ನೋಡಬೇಕೆಂದರೆ ಹಳೆಯ ತಟ್ಟೆಯಲ್ಲಿ ಮೊದಲ ಬದಿಗೂ ಎರಡನೆಯ ಬದಿಗೂ ಶ್ರುತಿ ಕೂಡದೆ ಪೇಚಾಟವಾಗುತ್ತದೆ. ಎಲ್‌ಪಿಗೆ ಒಂದೇ ಒಂದು ಸಲ ಹಣ ಹಾಕುವ ಶಕ್ತಿಯಿದ್ದರೆ ನಾನು ‘ವಾಲ್ಟ್ಸ್ ಫಾರ್ ಡೆಬಿ’ಯ ಒಳ್ಳೆಯ ಮರುಮುದ್ರಣಕ್ಕೆ ಹಾಕುತ್ತೇನೆ. ಆ ಕೋಣೆಯ ಗಾಳಿ, ಲೋಟದ ಸದ್ದು, ಬಾಸ್‌ನ ಮರದ ಗುಂಗು ಒಳ್ಳೆಯ ಸ್ಪೀಕರಿನಲ್ಲಿ ಎದುರಿಗೆ ಬಂದು ನಿಲ್ಲುತ್ತವೆ. ‘ಮೋನಿನ್’ ಫೋನಿನ ಪುಟ್ಟ ಸ್ಪೀಕರಿನಲ್ಲೂ ಕುಣಿಸುತ್ತದೆ, ಅದಕ್ಕೆ ಹೆಚ್ಚು ಖರ್ಚಿನ ಅಗತ್ಯವಿಲ್ಲ.

ಎರಡನೆಯದನ್ನು ಆರಿಸುವಾಗ

ಮೊದಲ ಆಲ್ಬಂ ಹಿಡಿಸಿದ ಮೇಲೆ ಮತ್ತೆ ಪಟ್ಟಿಗಳ ಬಳಿ ಹೋಗಬೇಡಿ; ಮನಸ್ಸಿಗೆ ಹತ್ತಿರವಾದ ವಾದಕರನ್ನು ಹಿಂಬಾಲಿಸಿ. ‘ಕೈಂಡ್ ಆಫ್ ಬ್ಲೂ’ನಲ್ಲಿ ಪಿಯಾನೊ ಇಷ್ಟವಾದರೆ ವ್ಯಾನ್‌ಗಾರ್ಡ್‌ಗೆ, ಟೆನರ್ ಇಷ್ಟವಾದರೆ ‘ಎ ಲವ್ ಸುಪ್ರೀಮ್’ಗೆ, ಬಾಸ್ ಇಷ್ಟವಾದರೆ ಅದೇ ಪಾಲ್ ಚೇಂಬರ್ಸ್ ನುಡಿಸಿರುವ ‘ಜೈಂಟ್ ಸ್ಟೆಪ್ಸ್’ಗೆ. ಅಷ್ಟು ಹೊತ್ತಿಗೆ ಕಿವಿ ಅದಕ್ಕೂ ಸಿದ್ಧವಾಗಿರುತ್ತದೆ.

ಮಿಂಗಸ್ ಹಿಡಿಸಿದವರಿಗೆ ಈ ದಾರಿ ನಮ್ಮ ಊರಿನವರೆಗೂ ಬರುತ್ತದೆ. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ನಲ್ಲಿ ಟೆನರ್ ನುಡಿಸಿದ ಅದೇ ಜಾನ್ ಹ್ಯಾಂಡಿ 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಕದ್ರಿ ಗೋಪಾಲನಾಥ್ ಅವರ ಕಛೇರಿ ಕೇಳಿ, ವೇದಿಕೆಗೆ ಬಂದು ಅವರ ಜೊತೆ ನುಡಿಸಿದರು. ಮಿಂಗಸ್ ಅವರ 1963ರ ಇನ್ನೊಂದು ಮಹತ್ವದ ಆಲ್ಬಂ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ನುಡಿಸಿದ ಚಾರ್ಲಿ ಮರಿಯಾನೊ ಮುಂದೆ ನಾಗಸ್ವರವನ್ನೂ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ಅವರು 1983ರಲ್ಲಿ ಇಸಿಎಂ ಕಂಪನಿಗಾಗಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಅದರಲ್ಲಿ ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕೋಲು ಇವೆ. ಮೇಲಿನ ಏಳರ ಅರ್ಥದಲ್ಲಿ ಅದು ಜಾಝ್ ಅಲ್ಲ, ಆದ್ದರಿಂದ ಅದನ್ನು ಮೊದಲ ಆಯ್ಕೆಯಾಗಿ ಸೂಚಿಸಲಾರೆ. ಆದರೆ ಏಳರಲ್ಲಿ ಎರಡನ್ನಾದರೂ ಕೇಳಿದ ಮೇಲೆ ‘ಜ್ಯೋತಿ’ಗೆ ಬಂದರೆ, ರಮಾಮಣಿಯವರ ಸ್ವರಕ್ಕೆ ಮರಿಯಾನೊ ಉತ್ತರಿಸುವಾಗ ಯಾವುದು ರಾಗದಿಂದ ಬಂದದ್ದು, ಯಾವುದು ಬ್ಲೂಸ್‌ನಿಂದ ಬಂದದ್ದು ಎಂಬುದನ್ನು ನಿಮ್ಮ ಕಿವಿಯೇ ಬಿಡಿಸಿ ಹೇಳುತ್ತದೆ.